ಮಾಂಸವಿಲ್ಲದ ಅಲಸಂದೆಯ ಅನ್ನ

(ದಾವಣಗೆರೆ, ಹರಿಹರ ಪ್ರಾಂತ್ಯದ ಹಿಡುವಳಿದಾರರಿಗೂ ಗ್ರಾಮದ ಮುಖಂಡರಿಗೂ ಮಾಡಿದ ಉಪನ್ಯಾಸ)



ಬೇಸಾಯದ ವಿಷಯವಾಗಿ ಮಾತನಾಡಲು ಬಂದವನು ಅಡಿಗೆಯ ವಿಷಯವನ್ನು ಎತ್ತಿದನೆಂದು ತಾವು ಆಶ್ಚರ್ಯಪಡಬಹುದು. ಆದರೆ ಮನೆಯಲ್ಲಿ ಬೇಯಿಸಿ ಉಣ್ಣದ ಕಾಳನ್ನು ಯಾರೂ ಬದುವಿನ ಮೇಲೆ ಬಿತ್ತುವುದಿಲ್ಲ. ಬದುವಿನ ಮೇಲಿಲ್ಲದ ಕಾಳು ಮಡಕೆಗೆ ಬರುವುದೂ ಅಪರೂಪ. ಆದುದರಿಂದ ಅಲಸಂದೆಯ ಕಾಳನ್ನೂ ಅಕ್ಕಿಯನ್ನೂ ಒಂದೇ ಪಾತ್ರೆಯಲ್ಲಿ, ಮಾಂಸವಿಲ್ಲದೆ, ಪಾಕಮಾಡುವ ಕ್ರಮವನ್ನೂ, ಆ ಕಾಳನ್ನು ತಮ್ಮ ಭೂಮಿಯಲ್ಲಿಯೇ ಪಡೆಯುವ ಉಪಾಯವನ್ನೂ ಈ ದಿನ ವಿಜ್ಞಾಪಿಸುತ್ತೇನೆ.

ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರಲ್ಲಿ ಪೂರ್ಣವಾಯಿತು. ಬಲದಂಡೆಯ ನಾಲೆಯ ನೀರು ಈ ಪ್ರಾಂತ್ಯಕ್ಕೆ ಹರಿದು, ಜೋಳ ಹತ್ತಿಗಳ ಭೂಮಿಯು ಬತ್ತದ ಗದ್ದೆಯಾಯಿತು. ಇದು ದೊಡ್ಡ ಭಾಗ್ಯವೇ ಸರಿ. ಮುಂದೆ, ನಾಲೆಯ ನೀರು ಏರದ ಖುಷ್ಕಿ ಜಮೀನುಗಳಲ್ಲಿ ಮೆಕ್ಕೆಜೋಳವು ವ್ಯಾಪಿಸಿತು. ಹಿಂದೆ ಜೋಳದ ಹೊಲದಲ್ಲಿ ಅಕ್ಕಡಿಯಾಗಿ ಬರುತ್ತಿದ್ದ ತೊಗರಿ, ಅಲಸಂದೆ, ಹೆಸರು, ಅವರೆಗಳು ಇದರಿಂದ ಹಿಂದಕ್ಕೆ ಸರಿದವು. ಫಲವೇನೆಂದರೆ, ಅನ್ನವು ಹೊಟ್ಟೆತುಂಬ ದೊರೆಯಿತು. ಕಾಳು ಮಾತ್ರ ಅಂಗಡಿಯಿಂದ ಕೊಂಡುತರುವ ಪದಾರ್ಥವಾಯಿತು. ಧಾರಣೆಯು ಏರಿದಾಗ ಮನೆಯಲ್ಲಿ ಮೊದಲು ಕಡಮೆಯಾಗತಕ್ಕದ್ದು ಸಾರಿನೊಳಗಿನ ಬೇಳೆಯೇ. ಆ ತೆಳುಸಾರಿನ ನಷ್ಟವು ಬೆಳೆಯುವ ಮಕ್ಕಳಿಗೂ, ಬಸುರಿ ಬಾಣಂತಿಯರಿಗೂ, ಕೆಸರಿನಲ್ಲಿ ನಿಂತು ನಾಟಿಮಾಡುವ ಹೆಂಗಸರಿಗೂ ಎಲ್ಲರಿಗಿಂತ ಮೊದಲು ತಟ್ಟುವುದು.

ಅಕ್ಕಿಯಲ್ಲಿ ಮಾಂಸಪೋಷಕ ದ್ರವ್ಯವು, ಎಂದರೆ ಪ್ರೋಟೀನು, ನೂರಕ್ಕೆ ಸುಮಾರು 7 ಭಾಗ ಮಾತ್ರ ಉಂಟು. ಅಲಸಂದೆಯ ಕಾಳಿನಲ್ಲಿ ಸುಮಾರು 24 ಭಾಗ ಉಂಟು. ಲೈಸಿನ್ ಎಂಬ ಅಂಶವು ಅಕ್ಕಿಯಲ್ಲಿ ಕೊರತೆ, ಕಾಳಿನಲ್ಲಿ ಸಮೃದ್ಧಿ. ಮೆಥಿಯೊನಿನ್ ಎಂಬುದು ಕಾಳಿನಲ್ಲಿ ಕೊರತೆ, ಅಕ್ಕಿಯಲ್ಲಿ ತಕ್ಕಷ್ಟು. ಹರಿಹರದಲ್ಲಿ ಪೋಳಾಲ್ವ ದಂಡನಾಯಕನು 1224ರಲ್ಲಿ ಕಟ್ಟಿಸಿದ ದೇವಾಲಯವನ್ನು ತಾವೆಲ್ಲರೂ ಬಲ್ಲಿರಿ. ಅಲ್ಲಿ ಹರನೂ ಹರಿಯೂ ಒಂದೇ ವಿಗ್ರಹದ ಎರಡು ಅರ್ಧಗಳಾಗಿರುವಂತೆ, ಊಟದಲ್ಲಿ ಅಕ್ಕಿಯೂ ಕಾಳೂ ಪರಸ್ಪರ ಪೂರಕವಾಗಿವೆ.

ಈ ಜೋಡಿಯು ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಅಲಸಂದೆಯ ಮೂಲಸ್ಥಾನ ಆಫ್ರಿಕ ಖಂಡ. ಅಲ್ಲಿಂದ ಗುಲಾಮರಾಗಿ ಒಯ್ಯಲ್ಪಟ್ಟ ಜನರೊಡನೆ ಅದು ಅಮೆರಿಕದ ದಕ್ಷಿಣ ಸೀಮೆಗೂ ಹೋಯಿತು. ಅಲ್ಲಿ ಅದನ್ನು ಅಕ್ಕಿ ಮತ್ತು ಹಂದಿಯ ಮಾಂಸದೊಡನೆ ಬೇಯಿಸಿ, ಹಾಪಿನ್ ಜಾನ್ ಎಂದು ಕರೆದು, ವರ್ಷಾರಂಭದ ದಿನ ಉಣ್ಣುವರು. ನಮ್ಮಲ್ಲಿಯೂ ಮಾಂಸಾಹಾರಿಗಳ ಮನೆಗಳಲ್ಲಿ ಕಾಳನ್ನು ಮಾಂಸದೊಡನೆ ಬೇಯಿಸುವುದುಂಟು. ಆದರೆ ಮಾಂಸವು ದಿನವೂ ಒದಗತಕ್ಕ ವಸ್ತುವಲ್ಲ. ಹಲವು ಮನೆಗಳಲ್ಲಿ ಅದು ವರ್ಜ್ಯವೂ ಹೌದು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕಾದರೆ ಮಾಂಸವಿಲ್ಲದ ಪಾಕವೇ ಯೋಗ್ಯವಾದುದು.

ಮಾಂಸವನ್ನು ಸುಮ್ಮನೆ ಬಿಟ್ಟರೆ ಅನ್ನವು ಸಪ್ಪೆಯಾಗುವುದು. ಏಕೆಂದರೆ ಅದರಿಂದ ಜಿಡ್ಡೂ ರುಚಿಯೂ ಬರುತ್ತಿದ್ದವು. ಜಿಡ್ಡಿಗೆ ಕಡಲೆಕಾಯಿ ಎಣ್ಣೆಯನ್ನೂ, ರುಚಿಗೆ ಕೆಂಪಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ ಮತ್ತು ಗುರೆಳ್ಳಿನ ಪುಡಿಯನ್ನೂ ಉಪಯೋಗಿಸತಕ್ಕದ್ದು.

ಏಳೆಂಟು ಮಂದಿಗೆ ಬೇಕಾಗುವ ಪದಾರ್ಥಗಳು: ಅಕ್ಕಿ 3 ಪಾವು, ಅಲಸಂದೆಯ ಕಾಳು 1 ಪಾವು, ಈರುಳ್ಳಿ 2, ಬೆಳ್ಳುಳ್ಳಿ 8 ಎಸಳು, ಬ್ಯಾಡಗಿ ಮೆಣಸಿನಕಾಯಿ 6, ಕೊತ್ತಂಬರಿ ಬೀಜ 2 ಚಮಚ, ಲವಂಗ 2, ದಾಲ್ಚಿನ್ನಿ ಒಂದು ಚೂರು, ಒಣಕೊಬ್ಬರಿ ಕಾಲು ಗಿಟಕು, ಎಣ್ಣೆ 4 ಚಮಚ, ಹುರಿದ ಗುರೆಳ್ಳಿನ ಪುಡಿ 2 ಚಮಚ, ನಿಂಬೆಹಣ್ಣು 1, ಸಾಸಿವೆ, ಅರಿಸಿನ, ಉಪ್ಪು.

ಕಾಳನ್ನು ಆರಿಸಿ, ತೊಳೆದು, ರಾತ್ರಿಯೆಲ್ಲ ನೆನೆಹಾಕಬೇಕು. ಬೆಳಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ, ಬೆರಳಿಂದ ಒತ್ತಿದರೆ ಮೆದುವಾಗುವಂತೆಯೂ ಸಿಪ್ಪೆಯು ಒಡೆಯದಂತೆಯೂ ಬೇಯಿಸಬೇಕು. ಬೆಂದ ಕಟ್ಟನ್ನು ಚೆಲ್ಲಬಾರದು. ಮೆಣಸಿನಕಾಯಿ, ಕೊತ್ತಂಬರಿ, ಲವಂಗ, ದಾಲ್ಚಿನ್ನಿ, ಕೊಬ್ಬರಿಗಳನ್ನು ಹದವಾಗಿ ಹುರಿದು ಪುಡಿಮಾಡಿಕೊಳ್ಳಬೇಕು. ಎಣ್ಣೆಯಲ್ಲಿ ಸಾಸಿವೆಯನ್ನು ಸಿಡಿಸಿ, ಈರುಳ್ಳಿ ಬೆಳ್ಳುಳ್ಳಿಗಳನ್ನು ಕೆಂಪಗಾಗುವವರೆಗೆ ತಾಳ್ಮೆಯಿಂದ ಹುರಿದು, ಅರಿಸಿನವನ್ನೂ ಮಸಾಲೆಯ ಪುಡಿಯನ್ನೂ ತೊಳೆದ ಅಕ್ಕಿಯನ್ನೂ ಹಾಕಿ ಕಲಸಬೇಕು. ಬಳಿಕ ಕಾಳನ್ನು ಸೇರಿಸಿ, ಕಟ್ಟೂ ನೀರೂ ಕೂಡಿ 6 ಪಾವು ಆಗುವಂತೆ ಹೊಯ್ದು, ಉಪ್ಪು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬೇಕು. ಹಳೆಯ ಅಕ್ಕಿಯಾದರೆ ಇನ್ನು ಅರ್ಧ ಪಾವು ನೀರು ಬೇಕಾಗುವುದು. ಇಳಿಸಿದ ಮೇಲೆ ಗುರೆಳ್ಳಿನ ಪುಡಿಯನ್ನು ಉದುರಿಸಿ, ನಿಂಬೆಯ ರಸವನ್ನು ಹಿಂಡತಕ್ಕದ್ದು.

ಇಲ್ಲಿ ಕೆಲವು ಎಚ್ಚರಿಕೆಗಳನ್ನು ಹೇಳಬೇಕಾಗಿದೆ. ಕಾಳು ಮೆದುವಾಗುವ ಮೊದಲೇ ಹುಣಿಸೆಯನ್ನಾಗಲಿ ಟೊಮ್ಯಾಟೊವನ್ನಾಗಲಿ ಹಾಕಿದರೆ ಅದು ಬೇಗ ಬೇಯುವುದಿಲ್ಲ. ಸುಣ್ಣದ ಅಂಶವುಳ್ಳ ಕೊಳವೆಬಾವಿಯ ಗಡಸು ನೀರೂ ಹಾಗೆಯೇ ಮಾಡುವುದು. ಮೆದುವಾದ ನೀರು ದೊರೆತರೆ ಅದನ್ನೇ ಬಳಸಬೇಕು. ಅಡಿಗೆಯ ಸೋಡವನ್ನು ಹಾಕಿದರೆ ಕಾಳು ಬೇಗ ಬೇಯುವುದಾದರೂ ಬಿ-1 ಎಂಬ ಜೀವಸತ್ವವು ಕೆಡುವುದು. ಅಲಸಂದೆಗೆ ಬದಲಾಗಿ ಕೆಂಪು ರಾಜ್ಮಾ ಕಾಳನ್ನು ಬಳಸುವವರು ನೆನೆಸಿದ ನೀರನ್ನು ಚೆಲ್ಲಿ, ಅರ್ಧ ಗಂಟೆ ಚೆನ್ನಾಗಿ ಕುದಿಸತಕ್ಕದ್ದು. ಅರೆಬೆಂದ ರಾಜ್ಮಾ ವಾಂತಿಭೇದಿಯನ್ನು ಉಂಟುಮಾಡುವುದು. ನಾಟಿಯವರ ಬುತ್ತಿಗೆ ಬೆಳಗ್ಗೆ ಮಾಡಿದ ಅನ್ನವನ್ನು ಮಧ್ಯಾಹ್ನದೊಳಗೆ ಮುಗಿಸಬೇಕು. ಮಾಂಸದಲ್ಲಿರುವ ಬಿ-12 ಎಂಬ ಜೀವಸತ್ವವು ಯಾವ ಕಾಳಿನಲ್ಲಿಯೂ ಇಲ್ಲ. ಆದುದರಿಂದ ಈ ಊಟದೊಡನೆ ಮೊಸರು ಅಥವಾ ಮಜ್ಜಿಗೆ ಇರುವುದು ಅವಶ್ಯ. ನಿಂಬೆಯ ರಸವು ಬರೇ ರುಚಿಗಲ್ಲ. ಕಾಳಿನ ಕಬ್ಬಿಣದ ಅಂಶವು ದೇಹಕ್ಕೆ ಹತ್ತಲು ಅದು ಸಹಾಯಕ.

ಇನ್ನು ಕಾಳನ್ನು ಪಡೆಯುವ ಬಗೆ. ನಾಟಿಯು ಮುಗಿದೊಡನೆ ಗದ್ದೆಯ ಬದುವಿನ ನೆತ್ತಿಯಲ್ಲಿ, ನೀರು ನಿಲ್ಲದೆಡೆ, ಗೇಣಿಗೊಂದು ಗುಣಿಯಂತೆ ಎರಡೆರಡು ಬೀಜಗಳನ್ನು ಊರಬಹುದು. ಮೂರು ತಿಂಗಳೊಳಗಾಗಿ ಕಾಳು ಕೈಗೆ ಬರುವುದು. ಬಳ್ಳಿಯು ದನಗಳಿಗೆ ಮೇವಾಗುವುದು. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುವು. ಬೇಸಗೆಯ ಬತ್ತಕ್ಕೆ ನಾಲೆಯ ನೀರು ಸಾಲದ ವರ್ಷಗಳಲ್ಲಿ, ಕೊಯ್ಲಾದ ಗದ್ದೆಯನ್ನು ಬೀಳುಬಿಡದೆ, ಉಳಿದ ಹಸಿಯಲ್ಲಿಯೇ ಅಲಸಂದೆ, ಉದ್ದು, ಹೆಸರುಗಳನ್ನು ಬಿತ್ತಬಹುದು. ಮೆಕ್ಕೆಜೋಳದ ಸಾಲುಗಳ ನಡುವೆಯೂ ಅಲಸಂದೆಯು ಬರುವುದು. ಹೇನು ಮುತ್ತಿದ ಕುಡಿಗಳನ್ನು ಚಿವುಟಿ ನಾಶಮಾಡಬೇಕು. ಬತ್ತಕ್ಕೆ ಔಷಧಿಯನ್ನು ಸಿಂಪಡಿಸಿದ ದಿನಗಳಲ್ಲಿ ಬದುವಿನ ಎಳೆಕಾಯನ್ನು ಅಡಿಗೆಗೆ ಕೀಳಲೇಬಾರದು.

ಕಾಳನ್ನು ಕಟಕಟನೆ ಒಣಗಿಸಿ, ಕಿಲೋಗ್ರಾಮಿಗೆ 5 ಮಿಲಿಲೀಟರಿನಂತೆ ಕಡಲೆಕಾಯಿ ಎಣ್ಣೆಯನ್ನು ಸವರಿ, ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಕೊರೆಯುವ ಹುಳುವಿನ ಬಾಧೆಯು ಬಹಳಮಟ್ಟಿಗೆ ತಪ್ಪುವುದು.

ಗ್ರಾಮದ ಮುಖಂಡರಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಈ ಮುಂಗಾರಿನಲ್ಲಿ ತಾವು ಮೊದಲು ಒಂದು ಬದುವಿನ ಮೇಲೆ ಅಲಸಂದೆಯನ್ನು ಊರಿರಿ; ಸುಗ್ಗಿಯ ದಿನ ಕೆಲಸಗಾರರೆಲ್ಲರಿಗೂ ಈ ಅನ್ನವನ್ನೇ ಬಡಿಸಿರಿ. ಉಂಡವರು ಮರುವರ್ಷ ತಮ್ಮಲ್ಲಿಗೆ ಬೀಜವನ್ನು ಕೇಳಿಕೊಂಡು ಬಂದರೆ, ಒಂದೊಂದು ಬೊಗಸೆಯನ್ನು ಇಲ್ಲವೆನ್ನದೆ ಕೊಡಿರಿ.