ಲೆಕ್ಕದ ತರಗತಿಯಲ್ಲಿ ಮಾತು

ಸಾಹಿತ್ಯ, ಸಂಗೀತ, ಇತಿಹಾಸಗಳ ನಡುವೆ ಶಾಲೆಯ ಗಣಿತಕ್ಕೂ ಒಂದು ಸಂಜೆ ಕೊಟ್ಟ ಸಂಘದವರಿಗೆ ನಾನು ಋಣಿ.

ನಾನು ಹೇಳಬೇಕೆಂದು ಬಂದಿರುವುದು ಒಂದೇ ಸಂಗತಿ. ನಮ್ಮ ಶಾಲೆಗಳಲ್ಲಿ ತರಗತಿ ಮೇಲೇರಿದಂತೆ ಲೆಕ್ಕದ ಪೀರಿಯಡ್ಡಿನಲ್ಲಿ ಮಕ್ಕಳ ದನಿ ಇಳಿಯುತ್ತ ಹೋಗುತ್ತದೆ. ಒಂದನೇ ತರಗತಿಯಲ್ಲಿ ಹುಣಸೆಬೀಜ ಹರಡಿಕೊಂಡು, ಪಕ್ಕದವಳ ಜೊತೆ ಜಗಳವಾಡುತ್ತ ಎಣಿಸಿದ ಮಗು, ಎಂಟನೆಯದಕ್ಕೆ ಬರುವ ಹೊತ್ತಿಗೆ ಬೋರ್ಡಿನ ಮೇಲಿದ್ದದ್ದನ್ನು ಸದ್ದಿಲ್ಲದೆ ಇಳಿಸಿಕೊಳ್ಳುತ್ತದೆ. ಪಕ್ಕದವರನ್ನು ಕೇಳಿದರೆ ಅದು ಕಾಪಿ. ಮೇಷ್ಟ್ರನ್ನು ‘ಯಾಕೆ’ ಎಂದು ಕೇಳಿದರೆ ಪೋರ್ಷನ್ ಮುಗಿಯುವುದಿಲ್ಲ. ಈ ಮೌನಕ್ಕೆ ನಾವು ಶಿಸ್ತು ಎಂದು ಹೆಸರಿಟ್ಟಿದ್ದೇವೆ. ಮಕ್ಕಳಿಗೆ ಗಣಿತ ದೂರವಾಗುವುದು ಈ ಮೌನದಿಂದಲೇ ಎಂದು ನಾನು ಬಲವಾಗಿ ನಂಬುತ್ತೇನೆ.

ಹೀಗೇ ಇರಬೇಕೆಂದೇನೂ ಇಲ್ಲ ಎನ್ನುವುದಕ್ಕೆ ದೂರದ ದೇಶಗಳ ಉದಾಹರಣೆ ಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ‘ನಲಿ–ಕಲಿ’ ಎಂಬ ಕಲಿಕಾ ಪದ್ಧತಿ ಶುರುವಾಯಿತು. ಆಂಧ್ರದ ರಿಷಿವ್ಯಾಲಿ ಶಾಲೆಯವರು ತಮ್ಮ ಸುತ್ತಲಿನ ಹಳ್ಳಿಶಾಲೆಗಳಲ್ಲಿ ಮಾಡುತ್ತಿದ್ದುದನ್ನು ನಮ್ಮ ಶಿಕ್ಷಕರು ಹೋಗಿ ನೋಡಿದರು, ಬಂದು ಕನ್ನಡದ ಮಕ್ಕಳಿಗೆ ಬೇಕಾದ ಕಲಿಕಾ ಕಾರ್ಡುಗಳನ್ನು ತಾವೇ ಸಿದ್ಧಪಡಿಸಿದರು. ಯುನಿಸೆಫ್ ನೆರವು ಕೊಟ್ಟಿತು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ನಲಿ–ಕಲಿ ಕೋಣೆಗೆ ಹೋದವರಿಗೆ ಗೊತ್ತು: ಅಲ್ಲಿ ಸಾಲು ಬೆಂಚುಗಳಿಲ್ಲ. ಮಕ್ಕಳು ‘ತಟ್ಟೆ’ಗಳ ಸುತ್ತ ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ಬೆಂಬಲ, ಇನ್ನೊಂದಕ್ಕೆ ಅರ್ಧ, ಕೆಲವಕ್ಕೆ ಗೆಳೆಯರದೇ ಬೆಂಬಲ, ಕೊನೆಯದು ತನ್ನಷ್ಟಕ್ಕೆ ಕಲಿಯುವ ಮಕ್ಕಳದು. ಗೆಳೆಯನಿಂದ ಕಲಿಯುವುದು ಅಲ್ಲಿ ತಪ್ಪಲ್ಲ, ವ್ಯವಸ್ಥೆಯ ಒಂದು ಭಾಗ. ಮೂರನೆಯದು ಮುಗಿಸಿ ನಾಲ್ಕಕ್ಕೆ ಕಾಲಿಟ್ಟ ಕೂಡಲೇ ತಟ್ಟೆ ಹೋಗಿ ಬೆಂಚು ಬರುತ್ತದೆ. ಆ ವಯಸ್ಸಿನಲ್ಲಿಯೇ ಭಿನ್ನರಾಶಿಯೂ ಬರುತ್ತದೆ. ಅತಿ ಹೆಚ್ಚು ಮಾತು ಬೇಕಾದ ಹೊತ್ತಿಗೆ ಮಾತು ನಿಲ್ಲುತ್ತದೆ!

ಆ ಕಂದಕವನ್ನು ತುಂಬಲು ಆದ ದೊಡ್ಡ ಯತ್ನ ‘ಗಣಿತ ಕಲಿಕಾ ಆಂದೋಲನ’. ಬೆಂಗಳೂರಿನ ಅಕ್ಷರ ಫೌಂಡೇಶನ್ ಇದನ್ನು ರೂಪಿಸಿ ರಾಜ್ಯ ಸರ್ಕಾರದ ಜೊತೆ ನಡೆಸಿತು. ಮೊದಲ ಪ್ರಯೋಗಗಳು ನಡೆದದ್ದು ಬೆಂಗಳೂರಿಗೆ ಹತ್ತಿರದ ಹೊಸಕೋಟೆ ತಾಲ್ಲೂಕಿನ ಶಾಲೆಗಳಲ್ಲಿ. ನಾಲ್ಕು, ಐದನೇ ತರಗತಿಗಳಿಗೆ ಒಂದು ಗಣಿತ ಕಿಟ್. ಅದರಲ್ಲಿ ಮಣಿಕಟ್ಟು, ಸ್ಥಾನಬೆಲೆಯ ಪಟ್ಟಿಗಳು, ಭಿನ್ನರಾಶಿಯ ತುಂಡುಗಳು, ಆಟದ ನೋಟು, ಗಡಿಯಾರ, ದಾಳ. ಮೊದಲು ಕೈಯಲ್ಲಿ ಹಿಡಿ, ಆಮೇಲೆ ಚಿತ್ರ ಬರೆ, ಕೊನೆಗೆ ಅಂಕಿಗೆ ಬಾ ಎಂಬ ಕ್ರಮ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳನ್ನು ಏರ್ಪಡಿಸಿ ಊರಿನವರನ್ನೂ ಒಳಗೆ ತಂದರು. ಇದು ಸಣ್ಣ ಸಾಧನೆಯಲ್ಲ. ಆದರೆ ಕಿಟ್ ಬಂದ ಮಾತ್ರಕ್ಕೆ ಪ್ರಶ್ನೆ ಹುಟ್ಟುವುದಿಲ್ಲ. ‘ಈ ತುಂಡು ಎತ್ತು, ಆ ತುಂಡಿನ ಮೇಲೆ ಇಡು’ ಎಂದು ಮೇಷ್ಟ್ರು ಹೇಳಿ ಮಕ್ಕಳು ಮಾಡಿದರೆ ಅದೂ ಉಕ್ತಲೇಖನವೇ.

ಮಾತಾಡುತ್ತ ಕಲಿಯುವ ಈ ದಾರಿಗೆ ದೊಡ್ಡ ತೊಡಕು ವೇಗದ ಮೋಹ. ಅದು ಹಳೆಯದು. 1823ರಲ್ಲಿ ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ತನ್ನ ಜಿಲ್ಲೆಯ ಶಾಲೆಗಳ ವರದಿ ಬರೆದ. 533 ಶಾಲೆ, 6,641 ಮಕ್ಕಳು, ಅವರಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಕನ್ನಡ ಕಲಿಸುವ ಶಾಲೆಗಳೇ 235. ಮುಂದಿನ ವಿದ್ಯಾರ್ಥಿಗಳು ಹಿಂದಿನವರಿಗೆ ಕಲಿಸುವ ಪದ್ಧತಿಯನ್ನು ಅವನು ಮೆಚ್ಚಿ ಬರೆದಿದ್ದಾನೆ. ಅದೇ ವರದಿಯಲ್ಲಿ ಇನ್ನೊಂದು ವಿವರವೂ ಇದೆ. ಬೆಳಿಗ್ಗೆ ಶಾಲೆಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಮಕ್ಕಳು ಒಬ್ಬರಿಗೊಬ್ಬರು ಕಲಿಸುತ್ತಿದ್ದರು, ನಿಜ. ಆದರೆ ಕೈಯಿಂದ ಕೈಗೆ ದಾಟುತ್ತಿದ್ದದ್ದು ಸಿದ್ಧವಾದ ಮಗ್ಗಿ. ಪ್ರಶ್ನೆ ದಾಟುತ್ತಿರಲಿಲ್ಲ.

ಇಂದು ನಮ್ಮ ಮಾರತ್ತಹಳ್ಳಿ ಸೇತುವೆಯ ಸುತ್ತ ನಿಂತು ನೋಡಿದರೆ ಅಬ್ಯಾಕಸ್, ವೇಗಗಣಿತ, ಟ್ಯೂಷನ್ ಬೋರ್ಡುಗಳು ಕಣ್ಣಿಗೆ ಬೀಳುತ್ತವೆ. ಬೆಂಗಳೂರಿನವರೇ ಆದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ತೋರಿಸಿದರು. ಅದು ಅವರ ಅಪೂರ್ವ ಶಕ್ತಿ, ಅದಕ್ಕೆ ನಮಿಸೋಣ. ಪ್ರತಿ ಮಗುವಿನ ಗಣಿತವನ್ನೂ ಅದೇ ಗಡಿಯಾರದಿಂದ ಅಳೆಯುವುದು ಮಾತ್ರ ಅನ್ಯಾಯ. ಮೊದಲು ಕೈಯೆತ್ತಿದ ಮಗು ಉತ್ತರ ಹೇಳಿದ ಕ್ಷಣದಲ್ಲಿ ಉಳಿದ ಮೂವತ್ತು ಮಕ್ಕಳು ಯೋಚಿಸುವುದನ್ನು ನಿಲ್ಲಿಸುತ್ತಾರೆ.

ಹಾಗಾದರೆ ವೇಗವನ್ನು ಅಳೆಯದ ತರಗತಿ ಹೇಗಿರುತ್ತದೆ? ಒಂದು ಉದಾಹರಣೆ ನೋಡೋಣ. ನಾಸಿಕದ ಬಳಿ ದೇವಳಾಲಿಯಲ್ಲಿ ಡಿ. ಆರ್. ಕಾಪ್ರೇಕರ್ ಎಂಬ ಶಾಲಾಮೇಷ್ಟ್ರು ಇದ್ದರು. ವಿಶ್ವವಿದ್ಯಾಲಯದ ಹುದ್ದೆ ಇಲ್ಲ, ಸಂಶೋಧನೆಯ ಪದವಿ ಇಲ್ಲ. 1949ರಲ್ಲಿ ಮದ್ರಾಸಿನ ಗಣಿತ ಸಮ್ಮೇಳನದಲ್ಲಿ ಅವರು ತಮ್ಮ 6174ರ ಸಂಗತಿ ಹೇಳಿದರು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ. 3524 ಇರಲಿ. ಇಳಿಕೆ ಕ್ರಮದಲ್ಲಿ 5432, ಏರಿಕೆ ಕ್ರಮದಲ್ಲಿ 2345, ಕಳೆದರೆ 3087. ಅದನ್ನೇ ಮತ್ತೆ: 8730ರಿಂದ 0378 ಕಳೆದರೆ 8352. ಮತ್ತೆ: 8532ರಿಂದ 2358 ಹೋದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174. ಹೆಚ್ಚೆಂದರೆ ಏಳು ಸಲಕ್ಕೆ ಅಲ್ಲಿಗೆ ಬಂದು ನಿಲ್ಲುತ್ತದೆ.

ಇದನ್ನು ಮಕ್ಕಳಿಗೆ ಹೇಳಿಬಿಟ್ಟರೆ ಒಂದು ಚಮತ್ಕಾರ, ಚಪ್ಪಾಳೆ, ಮುಗಿಯಿತು. ಹೇಳದೆ, ಗುಂಪಿಗೆ ನಾಲ್ಕೈದು ಸಂಖ್ಯೆ ಹಂಚಿ ಕಳೆಯಲು ಬಿಡಿ. ‘ನಿಮಗೂ ಇದೇ ಬಂತಾ?’ ಎಂಬ ಕೂಗು ಕೋಣೆಯ ಆಚೆ ಮೂಲೆಯಿಂದ ತಾನಾಗಿ ಬರುತ್ತದೆ. ಇಲ್ಲಿ ಒಟ್ಟಿಗೆ ಕೆಲಸ ಮಾಡುವುದು ಮೇಷ್ಟ್ರ ಅಪ್ಪಣೆಯಿಂದ ಅಲ್ಲ. ಒಬ್ಬ ಹುಡುಗಿ ಒಂದು ಪೀರಿಯಡ್ಡಿನಲ್ಲಿ ಇಷ್ಟು ಸಂಖ್ಯೆಗಳನ್ನು ಪರೀಕ್ಷಿಸಲಾರಳು, ಅವಳಿಗೆ ಉಳಿದವರು ನಿಜವಾಗಿ ಬೇಕು. ಆಗ ಯಾವುದೋ ಗುಂಪಿಗೆ 2111 ಸಿಕ್ಕಿರುತ್ತದೆ. ಕಳೆದರೆ 999. ಮುಂದೆ ಕಳೆದರೆ ಸೊನ್ನೆ. ‘ನಮ್ಮದು ಬರಲೇ ಇಲ್ಲ’ ಎನ್ನುತ್ತಾರೆ. ಇನ್ನೊಂದು ಗುಂಪು ‘0999 ಅಂತ ಬರೀರಿ’ ಎನ್ನುತ್ತದೆ. ಮುಂದಿನ ಸೊನ್ನೆ ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ಅರ್ಧ ಗಂಟೆ ವಾದವಾಗಬಹುದು. ಆಗಲಿ. ನಿಯಮ ಎಂಬುದು ಪುಸ್ತಕದಿಂದ ಉದುರಿದ್ದಲ್ಲ, ಕಾರಣ ಕೊಟ್ಟು ನಾವೇ ಒಪ್ಪಿಕೊಳ್ಳುವಂಥದ್ದು ಎಂದು ಮಗು ತಿಳಿಯುವುದಕ್ಕೆ ಆ ಅರ್ಧ ಗಂಟೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಆಮೇಲಿನ ಪ್ರಶ್ನೆ ಮಕ್ಕಳದೇ: ಮೂರಂಕಿಗೆ ಏನಾಗುತ್ತದೆ? 495 ಬರುತ್ತದೆ. ಎಲ್ಲಕ್ಕೂ ಬರುತ್ತದೆಯೇ? ಇಲ್ಲಿ ಆರನೇ ತರಗತಿಯ ಮಕ್ಕಳು ಪೂರ್ಣ ಪುರಾವೆಯನ್ನೇ ಕೊಡಬಲ್ಲರು. ಬೋರ್ಡಿನ ಮೇಲೆ ಎಲ್ಲ ಗುಂಪುಗಳ ಮೊದಲ ಉತ್ತರಗಳನ್ನು ಸಾಲಾಗಿ ಬರೆದರೆ, ನಡುವಿನ ಅಂಕಿ ಯಾವಾಗಲೂ 9 ಎಂದು ಯಾರೋ ಗಮನಿಸುತ್ತಾರೆ. ಅಂಚಿನ ಎರಡು ಅಂಕಿಗಳ ಮೊತ್ತವೂ 9. ಅದರ ಕಾರಣ ಹುಡುಕಿದರೆ ಬರಬಹುದಾದ ಉತ್ತರಗಳು ಒಂಬತ್ತೇ ಎಂದು ತಿಳಿಯುತ್ತದೆ: 099, 198, 297, 396, 495, 594, 693, 792, 891. ಈ ಒಂಬತ್ತನ್ನು ಪರೀಕ್ಷಿಸಿದರೆ ನೂರಾರು ಮೂರಂಕಿ ಸಂಖ್ಯೆಗಳನ್ನೂ ಪರೀಕ್ಷಿಸಿದಂತೆ. 099ರಿಂದ 891, ಅಲ್ಲಿಂದ 792, 693, 594, ಕೊನೆಗೆ 495. ಇನ್ನು ಎರಡಂಕಿಗೆ ಬಂದರೆ ನಿಲ್ಲುವ ಸಂಖ್ಯೆಯೇ ಇಲ್ಲ. 09, 81, 63, 27, 45, ಮತ್ತೆ 09 ಎಂದು ಸುತ್ತುತ್ತಲೇ ಇರುತ್ತದೆ. ನಿರೀಕ್ಷೆ ಹುಸಿಯಾದಾಗ ಮಕ್ಕಳ ಮುಖ ನೋಡಬೇಕು. ಕಾರಣ ಬೇಕು ಎಂಬ ಹಸಿವು ಆಗ ಕಾಣುತ್ತದೆ. ಉತ್ತರ ಸರಿಯೇ ಎಂದು ಯಾರೂ ಮೇಷ್ಟ್ರ ಮುಖ ನೋಡುವುದಿಲ್ಲ. ಗೆಳೆಯರು ಒಪ್ಪುವಂಥ ಕಾರಣ ಸಿಕ್ಕರೆ ಸಾಕು.

ನಮ್ಮ ಊರಿಗೆ ಇದು ಯಾಕೆ ಇನ್ನೂ ಹೆಚ್ಚು ಬೇಕು? ಮುನ್ನೇಕೊಳಾಲ, ತೂಬರಹಳ್ಳಿಯ ಶೆಡ್ಡುಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳಿದ್ದಾರೆ. ಅದೇ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಇಂಜಿನಿಯರುಗಳ ಮಕ್ಕಳಿದ್ದಾರೆ. ಒಂದು ತರಗತಿಯಲ್ಲೇ ಕನ್ನಡ, ತೆಲುಗು, ತಮಿಳು, ಹಿಂದಿ ಮನೆಮಾತಿನವರು ಸಿಗುತ್ತಾರೆ. ವರ್ಷದ ನಡುವೆ ಬಂದು ಸೇರಿದ ಮಗು ಮೇಷ್ಟ್ರ ಎದುರು ಬಾಯಿ ಬಿಡುವುದಿಲ್ಲ, ಗೆಳತಿಗೆ ಮಾತ್ರ ತನ್ನ ಮಾತಿನಲ್ಲೇ ವಿವರಿಸುತ್ತದೆ. ಇಟ್ಟಿಗೆಯ ಸಾಲು ಎಣಿಸುವ, ಬಟವಾಡೆಯ ದುಡ್ಡು ಹಂಚುವ ಲೆಕ್ಕ ಆ ಮಗುವಿಗೆ ಚೆನ್ನಾಗಿ ಗೊತ್ತು. ಮೌನದ ತರಗತಿ ಅದನ್ನು ಕೇಳಿಸಿಕೊಳ್ಳುವುದೇ ಇಲ್ಲ.

ಆ ಮಗು ಬಂದ ನೆಲ ಎಂಥದ್ದು ಎಂಬುದನ್ನೂ ನೆನಪಿಡೋಣ. ಕಲಬುರಗಿ ಜಿಲ್ಲೆಯ ಮಳಖೇಡ ಅಂದಿನ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಆಸುಪಾಸಿನಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಗುಣಲಬ್ಧಗಳನ್ನು ಅವನು ಕೊರಳ ಹಾರಗಳೆಂದು ಪ್ರೀತಿಯಿಂದ ಕೊಟ್ಟಿದ್ದಾನೆ: 139ನ್ನು 109ರಿಂದ ಗುಣಿಸಿದರೆ 15151, 152207ನ್ನು 73ರಿಂದ ಗುಣಿಸಿದರೆ 11111111. ಯಾವ ವ್ಯವಹಾರಕ್ಕೂ ಬೇಕಿಲ್ಲದ ಲೆಕ್ಕಗಳು ಇವು. ಬರೀ ಕುತೂಹಲಕ್ಕೆ, ಬೆರಗಿಗೆ ಇಟ್ಟವು.

ಶಿಕ್ಷಕರ ಕಷ್ಟ ನನಗೆ ಗೊತ್ತಿದೆ. ಪರೀಕ್ಷೆ, ಗಣತಿ, ದಾಖಲೆ, ನಲವತ್ತು ನಿಮಿಷದ ಪೀರಿಯಡ್ಡು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮಗುವಿನ ಯೋಚನೆಯನ್ನೇ ಗಣಿತದ ದಾರಿಗೆ ತರುವುದು ಗುರಿ ಎಂದಿತು. ಪರೀಕ್ಷೆಯ ಪ್ರಶ್ನೆಪತ್ರಿಕೆ ಅದಕ್ಕೆ ತಕ್ಕಂತೆ ಬದಲಾಗದಿದ್ದರೆ ಶಿಕ್ಷಕರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಪೋಷಕರ ಸಭೆಯಲ್ಲಿ ನಾವು ‘ಎಷ್ಟು ಮಾರ್ಕ್ಸ್’ ಎಂದಷ್ಟೇ ಕೇಳುತ್ತಿದ್ದರೆ ಶಾಲೆಯೂ ಅಷ್ಟನ್ನೇ ಕೊಡುತ್ತದೆ. ಮಗುವಿನ ರಫ್ ನೋಟ್‌ಬುಕ್ ತೋರಿಸಿ ಎಂದು ಕೇಳಿ. ಹೊಡೆದು ಹಾಕಿದ ಸಾಲುಗಳನ್ನು ಮೆಚ್ಚಿಕೊಳ್ಳಿ.

ಈ ಸಂಘಕ್ಕೆ ನನ್ನದೊಂದು ಬೇಡಿಕೆ. ಸರ್ಕಾರಿ ಶಾಲೆಗಳಲ್ಲಿ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ ನಡೆಯುತ್ತದೆ. ಶಾಲಾಭಿವೃದ್ಧಿ ಸಮಿತಿಯವರನ್ನೂ (ಎಸ್‌ಡಿಎಂಸಿ) ಮುಖ್ಯಶಿಕ್ಷಕರನ್ನೂ ಕಂಡು, ಅಂಥ ಒಂದು ಶನಿವಾರ ಗಣಿತಕ್ಕೆ ಕೇಳಿ. ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ನಿವೃತ್ತ ಶಿಕ್ಷಕರಿದ್ದೀರಿ. ಗುಂಪಿಗೊಬ್ಬರು ಕೂರಿ, ಉತ್ತರ ಹೇಳಬೇಡಿ. ಅಪಾರ್ಟ್‌ಮೆಂಟಿನ ನಿಮ್ಮ ಮಕ್ಕಳನ್ನೂ ಕರೆತಂದು ಅದೇ ಗುಂಪುಗಳಲ್ಲಿ ಕೂರಿಸಿ. ಶುರುವಿಗೆ ಐದಂಕಿಯ ಸಂಖ್ಯೆಗಳನ್ನು ಕೊಡಬಹುದು. ಸಾಕಷ್ಟು ಕಾಗದ, ಪೆನ್ಸಿಲ್ ಬೇಕಾಗುತ್ತದೆ.