ಹೇಗ್ ನ್ಯಾಯಾಲಯದ ಫೆಲೋಶಿಪ್ ಮತ್ತು ನಮ್ಮ ಸಹಾಯಧನ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣ)



ಇಂತಹ ಸಭೆಗಳಲ್ಲಿ ಡಾಕ್ಟರು, ಇಂಜಿನಿಯರು ಆಗುವವರ ಮಾತೇ ಹೆಚ್ಚು. ಕಾನೂನು ಓದುವವರ ಸರದಿ ಬರುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ಆದ್ದರಿಂದ ಇಂದು ಅವರ ವಿಷಯವನ್ನಷ್ಟೇ ಮಾತನಾಡಲು ಅನುಮತಿ ಬೇಡುತ್ತೇನೆ.

ನೆದರ್‌ಲ್ಯಾಂಡ್ಸಿನ ಹೇಗ್ ನಗರದಲ್ಲಿ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ನ್ಯಾಯಾಲಯವಿದೆ. 15 ಮಂದಿ ನ್ಯಾಯಾಧೀಶರು ದೇಶ ದೇಶಗಳ ನಡುವಿನ ವ್ಯಾಜ್ಯಗಳನ್ನು ಅಲ್ಲಿ ಕೇಳುತ್ತಾರೆ. 2019ರ ಜುಲೈಯಲ್ಲಿ ಕುಲಭೂಷಣ್ ಜಾಧವ್ ಪ್ರಕರಣದ ತೀರ್ಪನ್ನು ನೀವು ಟಿ.ವಿ.ಯಲ್ಲಿ ನೋಡಿದ್ದೀರಿ. ಅದೇ ವರ್ಷ ನವೆಂಬರಿನಲ್ಲಿ ರೋಹಿಂಗ್ಯಾ ಜನರ ವಿಷಯವಾಗಿ ಮ್ಯಾನ್ಮಾರ್ ವಿರುದ್ಧ ದಾವೆ ಹೂಡಿದ್ದು ಆಫ್ರಿಕಾದ ಪುಟ್ಟ ದೇಶ ಗ್ಯಾಂಬಿಯಾ. (ಹೇಗ್‌ನಲ್ಲೇ ಇರುವ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯ ಬೇರೆ. ಅದು ವ್ಯಕ್ತಿಗಳ ವಿಚಾರಣೆ ನಡೆಸುತ್ತದೆ, ಭಾರತ ಅದರ ಸದಸ್ಯ ದೇಶವಲ್ಲ. ಪತ್ರಿಕೆಗಳೇ ಎಷ್ಟೋ ಸಲ ಎರಡನ್ನೂ ಒಂದು ಮಾಡಿಬಿಡುತ್ತವೆ.) ಈ ನ್ಯಾಯಾಲಯ ನಮಗೆ ತೀರ ದೂರದ್ದೂ ಅಲ್ಲ. ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್ ಅವರು 1952ರಲ್ಲಿ ಅಲ್ಲಿನ ನ್ಯಾಯಾಧೀಶರಾದರು.

ಆಗತಾನೇ ಕಾನೂನು ಪದವಿ ಮುಗಿಸಿದವರಿಗೆ ಆ ನ್ಯಾಯಾಲಯದಲ್ಲಿ ಒಂದು ಫೆಲೋಶಿಪ್ ಇದೆ. 1999ರಲ್ಲಿ ಆರಂಭವಾದದ್ದು. ಸೆಪ್ಟೆಂಬರಿನಿಂದ ಸುಮಾರು ಹತ್ತು ತಿಂಗಳು ಒಬ್ಬ ನ್ಯಾಯಾಧೀಶರ ಕೈಕೆಳಗೆ ಕೆಲಸ. ವಿಚಾರಣೆಗೆ ಹಾಜರಿರುವುದು, ಕಾನೂನಿನ ಪ್ರಶ್ನೆಗಳನ್ನು ಶೋಧಿಸಿ ಟಿಪ್ಪಣಿ ಬರೆಯುವುದು, ಕರಡು ಸಿದ್ಧಪಡಿಸುವುದು. ವಕೀಲಿ ವೃತ್ತಿಗೆ ಇದಕ್ಕಿಂತ ಒಳ್ಳೆಯ ಗರಡಿ ನನಗೆ ಗೊತ್ತಿಲ್ಲ.

ಹಾಗಾದರೆ ಅರ್ಜಿ ಹಾಕೋಣ ಎಂದು ಹೊರಟರೆ ಎರಡು ಬಾಗಿಲುಗಳು ಎದುರಾಗುತ್ತವೆ. ವೈಯಕ್ತಿಕ ಅರ್ಜಿಯನ್ನು ನ್ಯಾಯಾಲಯ ಸ್ವೀಕರಿಸುವುದಿಲ್ಲ. ನೀವು ಓದಿದ ವಿಶ್ವವಿದ್ಯಾಲಯವೇ ನಿಮ್ಮ ಹೆಸರನ್ನು ಸೂಚಿಸಬೇಕು. ಹೆಸರು ಸೂಚಿಸಿದ ವಿಶ್ವವಿದ್ಯಾಲಯವೇ ಅಭ್ಯರ್ಥಿಯ ಜೀವನವೆಚ್ಚ, ಆರೋಗ್ಯ ವಿಮೆ, ಪ್ರಯಾಣದ ಖರ್ಚಿನ ಹೊಣೆಯನ್ನೂ ಹೊರಬೇಕು. ನ್ಯಾಯಾಲಯ ಕೆಲಸ ಕೊಡುತ್ತದೆ, ಸಂಬಳ ಕೊಡುವುದಿಲ್ಲ. ಅಮೆರಿಕ, ಯೂರೋಪಿನ ಶ್ರೀಮಂತ ವಿಶ್ವವಿದ್ಯಾಲಯಗಳಿಗೆ ಇದು ದೊಡ್ಡ ಮಾತಲ್ಲ. ನಮ್ಮ ಕಡೆಯ ಕಾಲೇಜಿನ ಬಡ ವಿದ್ಯಾರ್ಥಿನಿ ಸೋಲುವುದು ಇಲ್ಲೇ. ಅವಳನ್ನು ಹೇಗ್‌ನವರು ತಿರಸ್ಕರಿಸಲಿಲ್ಲ. ಅವಳ ಹೆಸರು ಅಲ್ಲಿಯವರೆಗೆ ಹೋಗಲೇ ಇಲ್ಲ.

ಈ ಅನ್ಯಾಯ ವಿಶ್ವಸಂಸ್ಥೆಯ ಗಮನಕ್ಕೂ ಬಂತು. ಅಭಿವೃದ್ಧಿಶೀಲ ದೇಶಗಳ ವಿಶ್ವವಿದ್ಯಾಲಯಗಳಿಂದ ಬರುವ ಅಭ್ಯರ್ಥಿಗಳಿಗಾಗಿ ಒಂದು ನಿಧಿ ಸ್ಥಾಪಿಸಬೇಕೆಂದು 2020ರ ಡಿಸೆಂಬರಿನಲ್ಲಿ ಮಹಾಸಭೆ ನಿರ್ಣಯ ಮಾಡಿತು. ಸ್ವಾಗತಾರ್ಹ ಕ್ರಮ. ಆದರೆ ಅದು ಸ್ವಯಂಪ್ರೇರಿತ ದೇಣಿಗೆಯಿಂದ ನಡೆಯುವ ನಿಧಿ. ಅದನ್ನೇ ನಂಬಿ ಕೂರುವಂತಿಲ್ಲ, ಅರ್ಜಿ ಹಾಕದೆ ಬಿಡುವಂತೆಯೂ ಇಲ್ಲ.

ಸರ್ಕಾರದ ಸಹಾಯ ಸಿಗದೇ ಎಂದು ಕೇಳುತ್ತೀರಿ. ವಿದೇಶ ವ್ಯಾಸಂಗದ ಸಾಲಕ್ಕೆ ಅಲ್ಪಸಂಖ್ಯಾತರಿಗೆ ಬಡ್ಡಿ ರಿಯಾಯಿತಿ ಕೊಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆ 2022-23ರಿಂದ ನಿಂತಿದೆ. ಅದು ಇದ್ದಾಗಲೂ ಸ್ನಾತಕೋತ್ತರ ಪದವಿ, ಎಂ.ಫಿಲ್., ಪಿಎಚ್.ಡಿ.ಗೆ ಮಾತ್ರ ಅನ್ವಯಿಸುತ್ತಿತ್ತು. ಈ ಫೆಲೋಶಿಪ್‌ನ ಕೊನೆಯಲ್ಲಿ ಪದವಿ ಇಲ್ಲ, ಶುಲ್ಕದ ರಸೀದಿಯೂ ಇಲ್ಲ. ನಮ್ಮ ಸಂಸ್ಥೆಯ ಅರ್ಜಿ ನಮೂನೆಯನ್ನೇ ತೆಗೆದು ನೋಡಿ: ಕಾಲೇಜಿನ ಹೆಸರು, ತರಗತಿ, ಕಟ್ಟಿದ ಶುಲ್ಕ. ಹೇಗ್‌ಗೆ ಹೊರಟ ಹುಡುಗಿ ಆ ಜಾಗಗಳಲ್ಲಿ ಏನು ಬರೆಯಬೇಕು?

ಸದಸ್ಯರಲ್ಲಿ ನನ್ನ ಅರಿಕೆ ಇಷ್ಟೆ. ಆಯ್ಕೆಯಾದ ಮೇಲೆ ಶಾಲು ಹೊದಿಸಿ ಚೆಕ್ ಕೊಡುವುದು ಬೇಡವೆನ್ನುವುದಿಲ್ಲ. ಅದಕ್ಕೂ ಮುಂಚೆ ಬೇಕಾದದ್ದು ಒಂದು ಕಾಗದ. ‘ಈ ಅಭ್ಯರ್ಥಿ ಆಯ್ಕೆಯಾದರೆ ಇಷ್ಟು ಮೊತ್ತವನ್ನು ನಮ್ಮ ಸಂಸ್ಥೆ ಭರಿಸುತ್ತದೆ’ ಎಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರೆ, ಹೆಸರು ಸೂಚಿಸಲು ಅವರಿಗೂ ಧೈರ್ಯ ಬರುತ್ತದೆ. ಆಯ್ಕೆಯಾಗದಿದ್ದರೆ ನಮ್ಮ ಹಣ ನಮ್ಮಲ್ಲೇ ಉಳಿಯುತ್ತದೆ. ಒಬ್ಬ ದಾನಿಯಿಂದ ಆಗದಿದ್ದರೆ ನಾಲ್ಕು ಜಿಲ್ಲೆಯ ಸಂಸ್ಥೆಗಳು ಕೂಡಿ ಬರೆದುಕೊಡಬಹುದು. ವಿಮಾನದ ಟಿಕೆಟ್, ಮನೆಯ ಮುಂಗಡ, ಮೊದಲ ತಿಂಗಳ ಖರ್ಚು ಹೊರಡುವ ಮೊದಲೇ ಕೈಗೆ ಬರಬೇಕು, ಬಿಲ್ ತೋರಿಸಿದ ಮೇಲಲ್ಲ. ಜೂನಿಯರ್ ವಕೀಲಳಾಗಿ ಮನೆಗೆ ನಾಲ್ಕು ಕಾಸು ಕೊಡುತ್ತಿದ್ದವಳು ಹೊರಟರೆ ಆ ಮನೆಯ ಪಾಡೇನು ಎಂಬುದನ್ನೂ ಕಾರ್ಯಕಾರಿ ಸಮಿತಿ ಯೋಚಿಸಲಿ.

ತಂದೆತಾಯಿಯರು ಕೇಳುವ ಪ್ರಶ್ನೆ ಒಂದಿದೆ: ಹತ್ತು ತಿಂಗಳಾದ ಮೇಲೆ ಅಲ್ಲೇ ಕೆಲಸ ಸಿಗುತ್ತದೆಯೇ? ಅಂಥ ಭರವಸೆ ಇಲ್ಲ. ಸುಳ್ಳು ಆಸೆ ತೋರಿಸಿ ಯಾರನ್ನೂ ಕಳುಹಿಸಬೇಡಿ.

ವಿದ್ಯಾರ್ಥಿಗಳೇ, ಆ ನ್ಯಾಯಾಲಯದ ಅಧಿಕೃತ ಭಾಷೆಗಳು ಇಂಗ್ಲಿಷ್ ಮತ್ತು ಫ್ರೆಂಚ್. ಮೂರನೆಯ ವರ್ಷದಲ್ಲಿರುವವರು ಇಂದೇ ಫ್ರೆಂಚ್ ಆರಂಭಿಸಿ, ಪಾಸ್‌ಪೋರ್ಟ್ ಮಾಡಿಸಿಟ್ಟುಕೊಳ್ಳಿ. ಅಂತಾರಾಷ್ಟ್ರೀಯ ಕಾನೂನನ್ನು ಪರೀಕ್ಷೆಯ ಹಿಂದಿನ ರಾತ್ರಿಯ ವಿಷಯ ಮಾಡಿಕೊಳ್ಳಬೇಡಿ. ನಿಮ್ಮ ವಿಶ್ವವಿದ್ಯಾಲಯ ಈವರೆಗೆ ಯಾರ ಹೆಸರನ್ನಾದರೂ ಕಳುಹಿಸಿದೆಯೇ ಎಂದು ಕುಲಸಚಿವರನ್ನು ಲಿಖಿತವಾಗಿ ಕೇಳಿ. ನಾಮನಿರ್ದೇಶನದ ಕೆಲಸ ವರ್ಷದ ಮೊದಲ ತಿಂಗಳುಗಳಲ್ಲೇ ನಡೆಯುವುದರಿಂದ, ನಿಮ್ಮ ಪತ್ರ ದಸರಾ ರಜೆಯ ಹೊತ್ತಿಗೆ ಅವರ ಮೇಜಿನ ಮೇಲಿರಬೇಕು. ಅದರ ಒಂದು ಪ್ರತಿಯನ್ನು ನಮ್ಮ ಕಾರ್ಯದರ್ಶಿಗಳಿಗೂ ಕೊಡಿ.