ಹನ್ನೊಂದು ಸೆಂಟಿಮೀಟರಿನ ಡಬಲ್ ಡೆಕರ್

ಈ ಸಂಜೆಯ ಮಾತಿಗೆ ನಾಯಕ ಒಂದು ಕೆಂಪು ಬಸ್ಸು, ಲಂಡನ್ನಿನ ರೂಟ್‌ಮಾಸ್ಟರ್. ಉದ್ದ 27 ಅಡಿ 6 ಅಂಗುಲ, ಅಗಲ 8 ಅಡಿ, ಮೇಲೂ ಕೆಳಗೂ ಸೇರಿ 64 ಸೀಟು. ಇದಕ್ಕೊಂದು ಕಿರಿಯ ಜೋಡಿಯಿದೆ. ಅದರ ಉದ್ದ 11 ಸೆಂಟಿಮೀಟರ್, ಅಗಲ 32 ಮಿಲಿಮೀಟರ್. ಅಂಗೈ ಮೇಲೆ ಆರಾಮವಾಗಿ ನಿಲ್ಲುತ್ತದೆ.

ಒಂದು ಅಡಿಗೆ 4 ಮಿಲಿಮೀಟರ್ ಎಂಬ ಈ ಲೆಕ್ಕ, ಅಂದರೆ 1:76ರ ಅಳತೆ, ಬಸ್ಸಿಗೆ ಬಂದದ್ದು ಮಾದರಿ ರೈಲಿನಿಂದ. ಬ್ರಿಟನ್ನಿನ ರೈಲು ಎಂಜಿನ್ನುಗಳು ಗಾತ್ರದಲ್ಲಿ ಚಿಕ್ಕವು. ಅಡಿಗೆ ಮೂರೂವರೆ ಮಿಲಿಮೀಟರಿನಂತೆ ಅವನ್ನು ಕುಗ್ಗಿಸಿದಾಗ ಒಳಗೆ ಮೋಟಾರು ಹಿಡಿಸಲಿಲ್ಲ. ತಯಾರಕರು ಹಳಿಯನ್ನು ಹಾಗೇ ಬಿಟ್ಟು ಎಂಜಿನ್ನಿನ ಮೈಯನ್ನಷ್ಟೇ 4 ಮಿಲಿಮೀಟರಿಗೆ ಹಿಗ್ಗಿಸಿದರು. ಆ ಪುಟ್ಟ ಸ್ಟೇಷನ್ನುಗಳ ಹೊರಗೆ ಪ್ರಯಾಣಿಕರಿಗೆ ಕಾದು ನಿಲ್ಲುವ ಬಸ್ಸೂ ಅದೇ ಅಳತೆಯದಾಯಿತು.

ಅಳತೆಗೆ ಸರಿಯಾದ ಬಸ್ಸು ಬರುವ ಮೊದಲು ಇದ್ದದ್ದು ಆಟಿಕೆಗಳು. ಡಿಂಕಿ ಡಬಲ್ ಡೆಕರ್ 1938ರಲ್ಲೇ ಬಂದಿತ್ತು. 1954ರಲ್ಲಿ ಮ್ಯಾಚ್‌ಬಾಕ್ಸ್‌ನ ಐದನೆಯ ನಂಬರಿನ ಬಸ್ಸು, 1964ರಲ್ಲಿ ಕಾರ್ಗಿಯ ರೂಟ್‌ಮಾಸ್ಟರ್. ಮ್ಯಾಚ್‌ಬಾಕ್ಸ್ ಗಾಡಿಗಳ ಗಾತ್ರ ನಿರ್ಧರಿಸಿದ್ದು ಸ್ಕೇಲ್ ಪಟ್ಟಿಯಲ್ಲ, ಬೆಂಕಿಪೊಟ್ಟಣ. ಪೊಟ್ಟಣದಲ್ಲಿ ಹಿಡಿಸುವ ಆಟಿಕೆಯನ್ನು ಮಾತ್ರ ಶಾಲೆಗೆ ತರಬಹುದೆಂಬ ನಿಯಮವಿತ್ತಂತೆ. ಆ ಶಾಲೆಗೆ ಹೋಗುತ್ತಿದ್ದ ಮಗಳಿಗಾಗಿ, ಮ್ಯಾಚ್‌ಬಾಕ್ಸ್ ತಯಾರಕರಲ್ಲೊಬ್ಬನಾದ ಜ್ಯಾಕ್ ಓಡೆಲ್ ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. ಎರಕದ ಬಸ್ಸುಗಳನ್ನು 1:76ರ ಅಳತೆಗೆ ಕರಾರುವಾಕ್ಕಾಗಿ ಇಳಿಸುವ ಕೆಲಸ ಜೋರಾದದ್ದು 1989ರಲ್ಲಿ, ಎಕ್ಸ್‌ಕ್ಲೂಸಿವ್ ಫಸ್ಟ್ ಎಡಿಷನ್ಸ್ ಕಂಪನಿ ರೂಟ್‌ಮಾಸ್ಟರಿನ ಹಿರಿಯಣ್ಣ ಆರ್‌ಟಿ ಬಸ್ಸಿನ ಮಾದರಿ ತಂದಾಗ.

ಆದರೆ ಎಲ್ಲವೂ ಒಂದೇ ಲೆಕ್ಕದಲ್ಲಿ ಕುಗ್ಗುವುದಿಲ್ಲ. ಖಾಲಿ ರೂಟ್‌ಮಾಸ್ಟರಿನ ತೂಕ ಸುಮಾರು ಏಳೂವರೆ ಟನ್. ಉದ್ದ, ಅಗಲ, ಎತ್ತರ ಮೂರನ್ನೂ 76ರಿಂದ ಭಾಗಿಸಿದರೆ ಮಾದರಿ ತೂಗಬೇಕಾದದ್ದು ಬರೀ 17 ಗ್ರಾಂ! ಸತುವಿನ ಎರಕ ಅದಕ್ಕಿಂತ ಎಷ್ಟೋ ಪಟ್ಟು ಭಾರ. ಮಾದರಿಯ ಗೋಡೆ ಒಂದು ಮಿಲಿಮೀಟರ್ ದಪ್ಪವಿದ್ದರೆ, ಅದನ್ನು ಮತ್ತೆ ನಿಜದ ಅಳತೆಗೆ ಹಿಗ್ಗಿಸಿದಾಗ ಮೂರು ಅಂಗುಲವಾಗುತ್ತದೆ. ನಿಜವಾದ ಬಸ್ಸಿನ ಮೈಯೋ, ತೆಳ್ಳನೆಯ ಅಲ್ಯೂಮಿನಿಯಂ ಹಾಳೆ. ಹಾಗಾಗಿ ಮಾದರಿಕಾರ ಕಿಟಕಿಯ ಅಂಚನ್ನು ತೆಳುವಾಗಿ ಕೊರೆದು, ದಪ್ಪ ಗೋಡೆಯನ್ನು ಕಣ್ಣಿಗೆ ಬೀಳದಂತೆ ಮುಚ್ಚಿಡುತ್ತಾನೆ.

ಸಂಗ್ರಾಹಕರು ಇದನ್ನೆಲ್ಲ ಕ್ಷಮಿಸುತ್ತಾರೆ. ತಪ್ಪು ರೂಟ್ ನಂಬರನ್ನು ಮಾತ್ರ ಕ್ಷಮಿಸುವುದಿಲ್ಲ.

ಒಂದೇ ಅಚ್ಚಿನಿಂದ ಹತ್ತಾರು ಬಸ್ಸು ಹುಟ್ಟುವುದರಿಂದ ಇಲ್ಲಿ ವ್ಯತ್ಯಾಸವಿರುವುದು ಬಣ್ಣ, ಬೋರ್ಡು, ಜಾಹೀರಾತು, ನಂಬರ್ ಪ್ಲೇಟುಗಳಲ್ಲಿ. ಅವುಗಳ ಬೆನ್ನು ಹತ್ತಿದವರು ಕೊನೆಗೆ ಬಂದು ನಿಲ್ಲುವುದು ಲಂಡನ್ ಹೊರವಲಯದ ಆಲ್ಡೆನ್‌ಹ್ಯಾಮ್ ಕಾರ್ಯಾಗಾರದ ಬಾಗಿಲಿಗೆ. 1986ರಲ್ಲಿ ಮುಚ್ಚುವವರೆಗೂ ಲಂಡನ್ನಿನ ಬಸ್ಸುಗಳು ದೊಡ್ಡ ರಿಪೇರಿಗೆ ಅಲ್ಲಿಗೇ ಹೋಗುತ್ತಿದ್ದವು. ರೂಟ್‌ಮಾಸ್ಟರಿಗೆ ಪೂರ್ತಿ ಚಾಸಿಯೇ ಇಲ್ಲ. ಎಂಜಿನ್ ಹೊತ್ತ ಮುಂಭಾಗ, ಹಿಂದಿನ ಆಕ್ಸಲ್ ಹೊತ್ತ ಭಾಗ, ಮೇಲಿನ ಮೈ, ಇವನ್ನೆಲ್ಲ ಕಳಚಬಹುದಿತ್ತು. ಒಂದರ ಮೈಗೆ ಇನ್ನೊಂದರ ಯಂತ್ರಭಾಗ ಕೂಡಿಸಿ, ಆಗ ಸರದಿಯಲ್ಲಿದ್ದ ಗಾಡಿ ನಂಬರು ಹಾಕಿ ರಸ್ತೆಗೆ ಬಿಡುತ್ತಿದ್ದರು. ಒಳಹೋದ ನಂಬರೇ ಹೊರಬಂದರೂ ಮೈ ಬೇರೆಯದಾಗಿರುತ್ತಿತ್ತು. ಹಾಗಾದರೆ ಮಾದರಿಯ ಮೇಲೆ ಬರೆದ ನಂಬರು ಯಾವ ಬಸ್ಸಿನದು? ಯಾವ ವರ್ಷದ್ದೆಂದು ಹೇಳದ ಹೊರತು ಉತ್ತರವಿಲ್ಲ.

ಮಾದರಿಗಳೂ ಚಿರಂಜೀವಿಗಳಲ್ಲ. ಯುದ್ಧಪೂರ್ವದ ಎಷ್ಟೋ ಡಿಂಕಿ ಗಾಡಿಗಳಲ್ಲಿ ಸತುವಿನೊಡನೆ ಸೀಸದಂಥ ಕಲ್ಮಶ ಬೆರೆತು, ಅವು ಕಪಾಟಿನಲ್ಲಿ ಇಟ್ಟಲ್ಲೇ ಬಿರುಕುಬಿಟ್ಟು ಪುಡಿಯಾಗಿವೆ. ಅತ್ತ ತಯಾರಾದ 2,876 ರೂಟ್‌ಮಾಸ್ಟರುಗಳಲ್ಲಿ ನೂರಾರು ಇಂದಿಗೂ ಉಳಿದಿವೆ.

2005ರ ಡಿಸೆಂಬರ್ 9ರಂದು 159ನೇ ರೂಟಿನಲ್ಲಿ ರೂಟ್‌ಮಾಸ್ಟರಿನ ನಿತ್ಯಸೇವೆ ಮುಗಿಯಿತು. ಜನರ ನಡುವೆ ದಾರಿ ಮಾಡಿಕೊಂಡು ಬ್ರಿಕ್ಸ್‌ಟನ್ ಡಿಪೋ ಹೊಕ್ಕ ಕೊನೆಯ ಬಸ್ಸಿನ ನಂಬರು ಆರ್‌ಎಂ 2217. ಅದರ ಮಾದರಿ ಮಾಡಲು ಕೂತವನು ಅಚ್ಚಿಗಿಂತ ಮೊದಲು ಹುಡುಕುವುದು ಆ ಮಧ್ಯಾಹ್ನದ ಫೋಟೋಗಳನ್ನು: ಮುಂದಿನ ಬೋರ್ಡಿನಲ್ಲಿ ಯಾವ ಊರಿನ ಹೆಸರಿತ್ತು, ಬದಿಯಲ್ಲಿ ಯಾವ ಜಾಹೀರಾತಿತ್ತು, ಹಿಂದಿನ ಫುಟ್‌ಬೋರ್ಡಿನ ಮೇಲೆ ಎಷ್ಟು ಜನ ನಿಂತಿದ್ದರು.